ಗಾಣದ ಬೀದಿಯ ಅರ್ಧ ಗಂಟೆ

ನಮ್ಮೂರಿಗೆ ಹೊಸದಾಗಿ ಬರುವ ನೆಂಟರಿಗೆ ಕಾಲಿಗೆ ನೀರು ಕೊಡುತ್ತಲೇ ನಾವು ಹೇಳುವ ಮಾತು ಒಂದೇ: ಕೈಗಡಿಯಾರ ನೋಡಿ ಗಾಬರಿಯಾಗಬೇಡಿ. ಒಂದು ಕೇರಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಚರಂಡಿ ಸಿಗುತ್ತದೆ, ಅದರ ಮೇಲೊಂದು ಚಪ್ಪಡಿ ಕಲ್ಲು. ಆ ಕಲ್ಲು ದಾಟಿದ ಕೂಡಲೇ ಗಡಿಯಾರದ ಮುಳ್ಳು ತಾನಾಗಿಯೇ ತಿರುಗಿ ಆ ಕೇರಿಯ ಹೊತ್ತಿಗೆ ಬಂದು ನಿಲ್ಲುತ್ತದೆ. ಕುಂಬಾರ ಕೇರಿ ಊರ ಕಟ್ಟೆಗಿಂತ ಇಪ್ಪತ್ತು ನಿಮಿಷ ಮುಂದೆ. ಬಳೆಗಾರರ ಓಣಿ ಕಾಲು ಗಂಟೆ ಹಿಂದೆ. ನೇಕಾರರ ಕೇರಿಯವರು ಒಂದು ಗಂಟೆ ಐದು ನಿಮಿಷ ಮುಂದಿದ್ದಾರೆ. ಆ ಐದು ನಿಮಿಷ ಯಾಕೆ ಎಂದು ಕೇಳಿದರೆ ಸಿಟ್ಟಾಗುತ್ತಾರೆ. ಊಟಕ್ಕೆ ಕರೆದವರನ್ನು “ನಿಮ್ಮ ಹನ್ನೆರಡೋ, ನಮ್ಮ ಹನ್ನೆರಡೋ?” ಎಂದು ಕೇಳುವುದು ಇಲ್ಲಿ ಮರ್ಯಾದೆ. ಕೇಳದೆ ಹೋದವನು ಆರಿದ ಅನ್ನ ಉಂಡು ಬರುತ್ತಾನೆ.

ನಾನು ಲಕ್ಕಣ್ಣ. ಊರ ಕಟ್ಟೆಯ ಪಕ್ಕದ ದಾಖಲೆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬರೆಯುವ ಕೆಲಸ ನನ್ನದು. ಯಾವ ಕೇರಿಯಲ್ಲಿ ಯಾರು ಹುಟ್ಟಲಿ, ಯಾರು ಸಾಯಲಿ, ಯಾರಿಗೆ ತಾಳಿ ಬೀಳಲಿ, ಅದು ಆ ಕೇರಿಯ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ ಆಯಿತು ಎಂದು ಬಂದು ಹೇಳುತ್ತಾರೆ. ನಾನು ಅದನ್ನು ಕಟ್ಟೆಯ ಹೊತ್ತಿಗೆ ತಿರುಗಿಸಿ ದೊಡ್ಡ ದಫ್ತರದಲ್ಲಿ ಬರೆಯುತ್ತೇನೆ. ತಿರುಗಿಸಬೇಕಾದರೆ ಆವತ್ತು ಆ ಕೇರಿ ಎಷ್ಟು ಮುಂದಿತ್ತು, ಎಷ್ಟು ಹಿಂದಿತ್ತು ಎಂಬುದು ಗೊತ್ತಿರಬೇಕಲ್ಲ, ಅದು ಆ ಕೇರಿಯ ಹೊತ್ತಿನ ಪುಸ್ತಕದಲ್ಲಿರುತ್ತದೆ. ಕೇರಿಯ ಮೂವರು ಹಿರಿಯರು ಸೇರಿ ಅದರಲ್ಲಿ ಬರೆದು ರುಜು ಹಾಕಿದರೆಂದರೆ ಆ ಕೇರಿಯ ಗಡಿಯಾರಗಳೆಲ್ಲ ಮರುಮಾತಿಲ್ಲದೆ ಹಾಗೆಯೇ ನಡೆಯತೊಡಗುತ್ತವೆ. ಹೊತ್ತಿನ ಲೆಕ್ಕವನ್ನು ಬಾಯಲ್ಲಿ ಹೇಳಬಾರದು, ಪುಸ್ತಕದಲ್ಲೇ ನೋಡಬೇಕು ಎಂಬುದು ಹಳೆಯ ಕಟ್ಟುಪಾಡು. ಬಾಯಿಮಾತಿನಿಂದ ಹಿಂದೆ ಬಹಳ ಜಗಳಗಳಾಗಿವೆಯಂತೆ.

ಪುಸ್ತಕ ನೋಡುವುದೇನು ಮಹಾ ಎಂದುಕೊಳ್ಳಬೇಡಿ. ಒಂದೊಂದು ಕೇರಿ ಅದನ್ನು ಒಂದೊಂದು ಕಡೆ ಇಟ್ಟಿದೆ. ಕುಂಬಾರರು ಮಡಕೆ ಸುಡುವ ಆವಿಗೆಯ ಚಪ್ಪರದಲ್ಲಿ ನೆಲುವಿಗೆ ತೂಗುಹಾಕಿದ ಮಡಕೆಯಲ್ಲಿ ಇಡುತ್ತಾರೆ. ಬಳೆಗಾರರ ಓಣಿಯಲ್ಲಿ ಅದು ಹಿರಿಸೊಸೆಯ ಅಕ್ಕಿ ಡಬ್ಬದ ತಳದಲ್ಲಿದೆ. ಸೊಸೆ ತವರಿಗೆ ಹೋಗಿದ್ದರೆ ಡಬ್ಬವೂ ಅವಳ ಜೊತೆ ಹೋಗಿರುತ್ತದೆ. ನೇಕಾರರ ಕೇರಿಯಲ್ಲಿ ಪುಸ್ತಕವೇ ಇಲ್ಲ. ಅವರದು ಒಂದು ಸೀರೆಯ ಅಂಚು, ಹೊತ್ತು ಬದಲಾದಾಗಲೆಲ್ಲ ಒಂದೊಂದು ಎಳೆ ಸೇರಿಸಿ ನೇಯುತ್ತಾರೆ, ಕೆಂಪು ಎಳೆಯೆಂದರೆ ಮುಂದೆ, ಹಸಿರು ಎಳೆಯೆಂದರೆ ಹಿಂದೆ. ಅದನ್ನು ಓದುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಗಾಣದ ಬೀದಿಯವರು ಮಾತ್ರ ಸಜ್ಜನರು, ಅವರ ಪುಸ್ತಕ ಕ್ಷೌರದಂಗಡಿಯ ಕನ್ನಡಿಯ ಹಿಂದೆ ಇರುತ್ತದೆ ಎಂದು ನನಗೆ ಕೆಲಸ ಕಲಿಸಿದ ಸಿಂಗ್ರಯ್ಯನವರು ಮೊದಲ ದಿನವೇ ಹೇಳಿದ್ದರು.

ಸಿಂಗ್ರಯ್ಯನವರು ಇನ್ನೊಂದು ಮಾತನ್ನೂ ಹೇಳಿದ್ದರು. ಕೇರಿ ಕೇರಿ ಅಲೆದು ಕಾಲು ನೋಯುತ್ತದೆಂದು ಬಂದ ಹೊಸತರಲ್ಲೇ ನಾನು ಎಲ್ಲ ಪುಸ್ತಕಗಳಿಂದ ಅಂಕಿ ಇಳಿಸಿಕೊಂಡು ಒಂದು ನಕಲು ಮಾಡಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅಕ್ಷರವೋ ಮುತ್ತು ಪೋಣಿಸಿದ ಹಾಗೆ. ಯಜಮಾನರು ಮೆಚ್ಚುತ್ತಾರೆಂದು ತೋರಿಸಿದರೆ ಅವರು ಹಾಳೆ ತಿರುವಿ, “ಚೆನ್ನಾಗೈತೆ. ಆದ್ರೆ ಮೊದಲು ಕೇರಿ, ಆಮೇಲೆ ಚೀಲ. ತಿಳೀತಾ? ಕೇರೀಲಿ ಪುಸ್ತಕ ಸಿಕ್ಕಲೇ ಇಲ್ಲ ಅಂದಾಗ ಮಾತ್ರ ಚೀಲಕ್ಕೆ ಕೈ ಹಾಕು,” ಎಂದರು. ನಾನು ತಲೆಯಾಡಿಸಿದೆ. ಅವರು ಕೆಲಸ ಬಿಟ್ಟ ಮರುವಾರದಿಂದಲೇ ಮೊದಲು ಚೀಲಕ್ಕೆ ಕೈ ಹಾಕತೊಡಗಿದೆ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ಮಾಘದಲ್ಲಿ ಒಂದು ದಿನ ಮಧ್ಯಾಹ್ನ ಕುಂಬಾರ ಕೇರಿಯ ಜಲಜಾಕ್ಷಿ ಎಂಬ ಹುಡುಗಿ ದಾಖಲೆ ಮನೆಗೆ ಬಂದಳು. ಇಪ್ಪತ್ತರ ಪ್ರಾಯ, ಹತ್ತು ದಿನದಲ್ಲಿ ಮದುವೆ. ನಮ್ಮಲ್ಲಿ ಧಾರೆಗೆ ಮೊದಲು ಹುಡುಗ ಹುಡುಗಿ ಇಬ್ಬರ ಹುಟ್ಟಿನ ಪುಟವನ್ನೂ ಎರಡು ಕಡೆಯವರ ಎದುರು ಗಟ್ಟಿಯಾಗಿ ಓದುತ್ತಾರೆ. ಅದಕ್ಕೆ ನಕಲು ಬೇಕು. ನಾನು ಪುಟ ತೆಗೆದು ಮಸಿಕುಡಿಕೆ ಎಳೆದುಕೊಂಡೆ. ಅವಳು ಮೇಜಿನ ಆಚೆಯಿಂದ ಬಗ್ಗಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ಹುಟ್ಟಿದಾಗ ಇದ್ದವರು’ ಎಂಬ ಸಾಲು. ಆ ಗಳಿಗೆಯಲ್ಲಿ ತಾಯಿ ತಂದೆ ಈ ಲೋಕದಲ್ಲಿದ್ದರೇ ಎಂಬುದನ್ನು ಅಲ್ಲಿ ಬರೆಯುತ್ತೇವೆ. ಅವಳದರಲ್ಲಿ ಹೀಗಿತ್ತು: ತಾಯಿ ಪುಟ್ಟತಾಯಮ್ಮ, ಇದ್ದರು. ತಂದೆ ಕಾಳಿಂಗಪ್ಪ, ಇರಲಿಲ್ಲ.

“ಇದು ನೀವು ಬರೆದದ್ದಾ ಲಕ್ಕಣ್ಣೋರೆ?” ಎಂದಳು.

“ಹೂಂ ತಾಯಿ. ನನ್ನ ಅಕ್ಷರ ಊರಿಗೇ ಗೊತ್ತಲ್ಲ.”

“ಸರಿಯಾಗಿ ಬರೆದಿದ್ದೀರಾ?”

ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರು ಇಬ್ಬರೇ. ಇವಳು ಎರಡನೆಯವಳು. ನನಗೆ ಸರ್ರನೆ ಸಿಟ್ಟು ಬಂತು. ಅದಕ್ಕೆ ಕಾರಣವೂ ಇತ್ತು, ಮುಚ್ಚಿಡುವುದೇನು? ದಾಖಲೆ ಮನೆಯ ಗೋಡೆಯ ಮೇಲೆ ಒಂದು ಕಲ್ಲಿದೆ. ಬರೆದ ಯಾವ ಸಾಲಿಗೂ ಕೆಂಪು ಗೆರೆ ಬೀಳದೆ ಕೆಲಸ ಮುಗಿಸಿದವರ ಹೆಸರನ್ನು ಅದರಲ್ಲಿ ಕೆತ್ತಿಸುತ್ತಾರೆ. ಇಷ್ಟು ವರ್ಷದಲ್ಲಿ ಎರಡೇ ಹೆಸರು. ಇನ್ನು ನಾಲ್ಕು ತಿಂಗಳು ಕಳೆದರೆ ಮೂರನೆಯದು ನನ್ನದು. ಕೆತ್ತುವವನು ಬಂದು ಜಾಗ ಅಳೆದುಕೊಂಡು ಕೂಡ ಹೋಗಿದ್ದ.

“ನಿಮ್ಮಪ್ಪ ತೀರಿಕೊಂಡದ್ದು ಗಾಣದ ಬೀದೀಲಿ, ಅಲ್ಲಿನ ಹತ್ತು ಗಂಟೆಗೆ. ಕಟ್ಟೆಗೂ ಅದೇ ಹತ್ತು ಗಂಟೆ. ನೀನು ಹುಟ್ಟಿದ್ದು ನಿಮ್ಮವ್ವನ ತವರಲ್ಲಿ, ಕುಂಬಾರ ಕೇರಿಯ ಹತ್ತೂವರೆಗೆ. ಅಂದರೆ ಕಟ್ಟೆಗೆ ಹತ್ತೂ ಹತ್ತು. ಹತ್ತು ನಿಮಿಷ ಮೊದಲೇ ಅವರು ಹೋಗಿಬಿಟ್ಟಿದ್ದರು. ಏನು ಮಾಡೋದು ಹೇಳು, ಋಣ ಇರಲಿಲ್ಲ,” ಎಂದೆ.

ಅವಳು ಅಲುಗಲಿಲ್ಲ. “ನಮ್ಮತ್ತೆ ಬೇರೆ ಥರ ಹೇಳ್ತಾರೆ.”

ಆ ಅತ್ತೆ ಯಾರೆಂದು ಅವಳು ಹೇಳುವ ಮೊದಲೇ ನನಗೆ ನೆನಪಾಯಿತು. ಚೆನ್ನಾಜಮ್ಮ, ಕಾಳಿಂಗಪ್ಪನ ಅಕ್ಕ. ನನ್ನನ್ನು ಹಾಗೆ ಕೇಳಿದ ಮೊದಲನೆಯವರು ಅವರೇ. ತಮ್ಮ ಕಾಳಿಂಗಪ್ಪ ಜ್ವರದಲ್ಲಿ ಮಲಗಿದ್ದರೂ ನಾದಿನಿಯ ಹೆರಿಗೆಗೆಂದು ಆಕೆ ನಾಲ್ಕು ದಿನದಿಂದ ಕುಂಬಾರ ಕೇರಿಯಲ್ಲಿದ್ದರು. ತಮ್ಮನೇ ಹಟ ಮಾಡಿ ಕಳಿಸಿದ್ದನಂತೆ. ಮಗು ಅತ್ತ ಕೂಡಲೇ ಗಾಣದ ಬೀದಿಗೆ ಓಡಿ, ತಮ್ಮನ ಕಿವಿಯಲ್ಲಿ ಹೆಣ್ಣುಮಗು ಎಂದು ಹೇಳಿದರಂತೆ. ಅವನು ಕಣ್ಣು ತೆರೆದು ನಕ್ಕನಂತೆ. “ಸಂಪಿಗೆ ಅಂತ ಕರೀರಿ,” ಎಂದನಂತೆ. ಇದನ್ನು ನಾಮಕರಣದ ದಿನ ಆಕೆ ಹೇಳಿದಾಗ ಬಾಣಂತಿ ಪುಟ್ಟತಾಯಮ್ಮ ಅಷ್ಟು ಜನರ ಎದುರಿಗೇ, “ಅತ್ತಿಗೆ, ನೀವು ಹೊರಡೋಕೆ ಮೊದ್ಲೇ ಅವ್ರು ಹೋಗಿದ್ರು ಅಂತ ದಾಖಲೇಲಿ ಬರೆದೈತೆ. ಸತ್ತೋರ ಬಾಯಲ್ಲಿ ಸುಳ್ಳು ಹೇಳಿಸ್ಬೇಡಿ,” ಎಂದುಬಿಟ್ಟರು. ಮಗುವಿಗೆ ಜಲಜಾಕ್ಷಿ ಎಂದು ತಾತ ಹೆಸರಿಟ್ಟರು. ಎರಡು ಮನೆಯ ನಡುವೆ ಮಾತು ಅವತ್ತಿಗೆ ನಿಂತಿತು.

ಅದರ ಮರುದಿನ ಚೆನ್ನಾಜಮ್ಮ ಇದೇ ಮೇಜಿನ ಮುಂದೆ ಬಂದು ನಿಂತಿದ್ದರು. ದಡೂತಿ ಹೆಂಗಸು, ದನಿ ಮಾತ್ರ ಸಣ್ಣದು. ಸರಿಯಾಗಿ ಬರೆದಿದ್ದೀಯೇನಪ್ಪಾ ಎಂದು ಕೇಳಿ, “ನಾನು ಒಳಕ್ಕೆ ಹೋದಾಗ ನಮ್ಮ ಬೀದಿ ಗಡಿಯಾರದಲ್ಲಿ ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು ಕಣಪ್ಪ,” ಎಂದಿದ್ದರು. ಕುಂಬಾರ ಕೇರಿಯ ಹತ್ತೂವರೆಯೆಂದರೆ ಗಾಣದ ಬೀದಿಯಲ್ಲಿ ಆಗಲೇ ಹತ್ತೂ ಹತ್ತು. ಅಲ್ಲಿಂದ ಹತ್ತು ನಿಮಿಷ ಓಡಿ ಬಂದರೆ ಹತ್ತೂ ಇಪ್ಪತ್ತಾಗಬೇಕು, ಈಕೆಗೆ ಇನ್ನೂ ಹತ್ತೇ ಆಗಿರಲಿಲ್ಲವಂತೆ! “ಏನಮ್ಮ, ಹೊತ್ತು ಹಿಂದಕ್ಕೆ ಓಡಿತಾ? ದಾಖಲೆ ಸುಳ್ಳು ಹೇಳಲ್ಲ, ಹೋಗಿ,” ಎಂದು ನಕ್ಕು ಕಳಿಸಿದ್ದೆ. ನಗಬಾರದಿತ್ತು.

“ಸಂತೇಲಿ ಅವ್ವಂಗೆ ಕಾಣ್ದಂಗೆ ಅತ್ತೇನ ಮಾತಾಡಿಸ್ದೆ,” ಎಂದಳು ಹುಡುಗಿ. “ಆವತ್ತು ಹೇಳಿದ್ದನ್ನೇ ಈಗ್ಲೂ ಹೇಳಿದ್ರು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಆಮೇಲೆ ನಾನು ಕುಂಬಾರ ಕೇರೀಲಿ ಹತ್ತೂವರೆಗೆ ಹೊರಟು ಗಾಣದ ಬೀದಿಗೆ ಓಡಿ ನೋಡ್ದೆ ಲಕ್ಕಣ್ಣೋರೆ. ಹೋಗಿ ಮುಟ್ಟಿದಾಗ ಹತ್ತಕ್ಕೆ ಹತ್ತು ನಿಮಿಷ ಇತ್ತು.”

“ಈಗ ಹಂಗೇ ಇರುತ್ತೆ ಕಣಮ್ಮ. ಗಾಣದ ಬೀದಿ ಈಗ ಕಟ್ಟೆಗಿಂತ ಅರ್ಧ ಗಂಟೆ ಹಿಂದೆ. ಆವಾಗ ಸಮ ಇತ್ತು. ಆಮೇಲೆ ಬದಲಾಯಿಸ್ಕೊಂಡ್ರು.”

“ಆಮೇಲೆ ಅಂದ್ರೆ? ಎಂದಿನಿಂದ?”

ನಾನು ಚೀಲದಿಂದ ನಕಲು ತೆಗೆದೆ. ಗಾಣದ ಬೀದಿಯ ಹಾಳೆಯಲ್ಲಿ ‘ಸಮ’ ಎಂಬುದನ್ನು ಹೊಡೆದು ‘ಅರ್ಧ ಗಂಟೆ ಹಿಂದೆ’ ಎಂದು ಬರೆದಿದ್ದೆ. ಎಂದಿನಿಂದ ಎಂದು ಬರೆದಿರಲಿಲ್ಲ. ಕೇರಿಯ ಪುಸ್ತಕಗಳಲ್ಲಿ ಮೂರು ಸಾಲಿರುತ್ತವೆ: ಎಷ್ಟು, ಎಂದಿನಿಂದ, ಯಾಕೆ. ನಕಲು ಮಾಡುವಾಗ ನನಗೆ ಅಂಕಿಯೊಂದೇ ಮುಖ್ಯವಾಗಿ ಕಂಡಿತ್ತು. ಈ ಹುಡುಗಿ ಹುಟ್ಟಿದ ವರ್ಷದ ಕೊನೆಯಲ್ಲಿ ವಾಡಿಕೆಯಂತೆ ಕೇರಿಗಳ ಸುತ್ತು ಹೋದಾಗ ಗಾಣದ ಬೀದಿಯ ಕಲ್ಲು ದಾಟಿದೆ, ನನ್ನ ಕೈಗಡಿಯಾರ ಅರ್ಧ ಗಂಟೆ ಹಿಂದೆ ಹೋಯಿತು, ನಿಂತಲ್ಲೇ ನಕಲು ತಿದ್ದಿ ಮನೆಗೆ ಬಂದೆ. ಕ್ಷೌರದಂಗಡಿಯ ತನಕ ಹೋಗಿ ಕನ್ನಡಿ ಸರಿಸಲಿಲ್ಲ. ಬಿಸಿಲಿತ್ತು.

ಹಾಳೆ ನೋಡುತ್ತ ಕುಳಿತಂತೆ ಕಾಳಿಂಗಪ್ಪ ತೀರಿಕೊಂಡ ದಿನವೂ ಒಂದೊಂದಾಗಿ ನೆನಪಿಗೆ ಬಂತು. ಸುದ್ದಿ ತಂದವನು ಕ್ಷೌರದ ಮುನಿವೆಂಕಟ. ಅತ್ತೂ ಅತ್ತೂ ಅವನ ಕಣ್ಣು ಊದಿಕೊಂಡಿದ್ದವು. “ನಮ್ಮ ಬೀದೀಲಿ ಸರಿಯಾಗಿ ಹತ್ತು ಗಂಟೆಗೆ ಹೋದ್ರು. ಪುಸ್ತಕ ನೋಡ್ಕಳಿ,” ಎಂದು ಹೇಳಿ ಹೊರಟುಹೋದ. ಪುಸ್ತಕ ನೋಡ್ಕಳಿ ಎಂಬುದು ಎಲ್ಲರೂ ಹೇಳುವ ಮಾತು, ಹೋಗಿ ಬನ್ನಿ ಅನ್ನುವ ಹಾಗೆ. ನಾನು ಚೀಲಕ್ಕೆ ಕೈ ಹಾಕಿದೆ.

ಆ ಅರ್ಧ ಗಂಟೆ ಬದಲಾದದ್ದು ಕಾಳಿಂಗಪ್ಪನ ಸಾವಿನ ನಂತರವೋ, ಮೊದಲೋ? ನಂತರವಾದರೆ ನಾನು ಬರೆದದ್ದು ಸರಿ. ಮೊದಲಾದರೆ ಈ ಹುಡುಗಿ ಹುಟ್ಟಿದಾಗ ಅವಳ ಅಪ್ಪ ಬದುಕಿದ್ದ, ಇನ್ನೂ ಇಪ್ಪತ್ತು ನಿಮಿಷ ಬದುಕಿದ್ದ. ಚೆನ್ನಾಜಮ್ಮ ಸುಳ್ಳು ಹೇಳಿರಲಿಲ್ಲ. ಗೋಡೆಯ ಮೇಲಿನ ಕಲ್ಲಿನ ಕಡೆ ಒಮ್ಮೆ ಕಣ್ಣು ಹೋಯಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಕಲು ಬರೆದುಕೊಟ್ಟು, ಹೋಗಿ ಬಾ ತಾಯಿ, ಒಳ್ಳೇದಾಗಲಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿ ಬೆರಳನ್ನು ಆ ಸಾಲಿನಿಂದ ತೆಗೆದೇ ಇರಲಿಲ್ಲ.

“ನಡಿ,” ಎಂದೆ. “ಮೊದಲು ಕೇರಿ.”

ಗಾಣದ ಬೀದಿಯಲ್ಲಿ ಈಗ ಗಾಣಗಳಿಲ್ಲ. ಒಂದು ಗಾಣದ ಕಲ್ಲಿನೊಳಗೆ ಯಾರೋ ತುಳಸಿ ನೆಟ್ಟಿದ್ದಾರೆ. ಮುನಿವೆಂಕಟ ಹೋಗಿ ಎಂಟು ವರ್ಷವಾಯಿತು. ಅಂಗಡಿಯಲ್ಲಿ ಅವನ ಸೊಸೆ ಜಯಶೀಲ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ನಾನು ಬಾಗಿಲಲ್ಲಿ ನಿಂತು ಹೊತ್ತಿನ ಪುಸ್ತಕ ನೋಡಬೇಕಿತ್ತಮ್ಮ ಎಂದಾಗ, ಒಬ್ಬಳ ಹುಬ್ಬಿಗೆ ದಾರ ಹಿಡಿದಿದ್ದ ಆಕೆ ನಕ್ಕೇ ನಕ್ಕಳು.

“ಅಯ್ಯೋ ಲಕ್ಕಣ್ಣೋರೆ, ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಪುಸ್ತಕ ಕೇಳ್ಕೊಂಡು ಬಂದೋರು ನೀವೇ ಮೊದಲು. ನೀವು ವರ್ಷಾ ವರ್ಷಾ ಕಲ್ಲಿನ ಹತ್ರ ನಿಂತು ‘ಎಲ್ಲಾ ಹಂಗೇ ಐತಾ’ ಅಂತ ಕೂಗ್ತಿದ್ರಿ, ನಾವು ‘ಹಂಗೇ ಐತೆ’ ಅಂತಿದ್ವಿ. ಅಲ್ವಾ?”

ಹುಬ್ಬು ತೀಡಿಸಿಕೊಳ್ಳುತ್ತಿದ್ದವಳೂ ನಕ್ಕಳು. ನಾನು ಜಲಜಾಕ್ಷಿಯ ಕಡೆ ನೋಡಲಿಲ್ಲ. ಜಯಶೀಲ ದೊಡ್ಡ ಹೊಸ ಕನ್ನಡಿಯನ್ನು ಬಿಟ್ಟು ಒಳಕೋಣೆಯಿಂದ ಮಾವನ ಹಳೆಯ ಕನ್ನಡಿಯನ್ನು ತಂದಳು. ಪಾದರಸ ಕಿತ್ತು ಕಪ್ಪು ಕಪ್ಪಾಗಿತ್ತು. ಹಿಂದಿನ ಹಲಗೆ ಬಿಚ್ಚಿದರೆ ಪುಸ್ತಕವಿಲ್ಲ, ಒಂದು ಚೀಟಿ ಇದೆ. ಮುನಿವೆಂಕಟನ ಸೊಟ್ಟ ಅಕ್ಷರ: ‘ಗೆದ್ದಲು ಬಿತ್ತು. ಪುಸ್ತಕವನ್ನು ಹಿಟ್ಟಿನ ಮಿಲ್ಲಿನಲ್ಲಿ ತೂಕದ ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ದಾಖಲೆ ಮನೆಯವರು ಬಂದರೆ ಅಲ್ಲಿಗೆ ಕಳಿಸುವುದು.’

ಪಾಪ, ನಾನು ಬರುತ್ತೇನೆಂದು ಅವನು ನಂಬಿದ್ದ.

ಮಿಲ್ಲು ಬೀದಿಯ ಕೊನೆಗಿದೆ. ಅಲ್ಲಿ ಈಗ ತೂಗುವುದೆಲ್ಲ ಕರೆಂಟಿನ ತಕ್ಕಡಿಯಲ್ಲಿ. ಮಿಲ್ಲಿನ ಬಂಗಾರಿ ಎಂಬ ಮುದುಕ, ತೂಕದ ಕಲ್ಲಿನ ಪೆಟ್ಟಿಗೆ ಎಂದರೆ ತಲೆ ಕೆರೆದುಕೊಂಡ. ಆಮೇಲೆ ತಾನು ಕುಳಿತಿದ್ದ ಪೆಟ್ಟಿಗೆಯಿಂದಲೇ ಎದ್ದು, “ಇದೇ ಇರ್ಬೇಕು ಬುಡಿ,” ಎಂದ. ಮುಚ್ಚಳ ತೆಗೆದರೆ ತುಕ್ಕು ಹಿಡಿದ ಕಲ್ಲುಗಳು, ಅವುಗಳ ಕೆಳಗೆ ಗೋಣಿತಟ್ಟು, ತಟ್ಟಿನೊಳಗೆ ಪುಸ್ತಕ. ರಾಗಿಹಿಟ್ಟು ಕುಳಿತು ರಟ್ಟು ಬೂದಿಬಣ್ಣವಾಗಿತ್ತು. ಮೇಲುಗಡೆಯ ಹಾಳೆಗಳನ್ನು ಗೆದ್ದಲು ತಿಂದು ಜರಡಿ ಮಾಡಿತ್ತು. ಹುಡುಗಿ ತಾನೇ ಪುಸ್ತಕ ತೆಗೆದುಕೊಂಡು, ಹಿಟ್ಟು ಊದಿ, ಹಿಂದಿನಿಂದ ತಿರುವಿದಳು. ಕೊನೆಯ ಬರಹಕ್ಕೆ ಗೆದ್ದಲು ಮುಟ್ಟಿರಲಿಲ್ಲ. ಅದನ್ನು ಬರೆದ ಮೇಲೆ ಆ ಬೀದಿಯವರು ಪುಸ್ತಕದಲ್ಲಿ ಮತ್ತೇನನ್ನೂ ಬರೆದಿರಲಿಲ್ಲ.

ಅವಳು ಮನಸ್ಸಿನಲ್ಲೇ ಓದಿಕೊಂಡಳು. ಓದಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಮಿಲ್ಲು ಗಡಗಡ ಓಡುತ್ತಿತ್ತು, ಬಂಗಾರಿ ಹೋಗಿ ಅದನ್ನು ನಿಲ್ಲಿಸಿದ. ಆ ಬರಹ ಹೀಗಿತ್ತು:

‘ಎಷ್ಟು: ಅರ್ಧ ಗಂಟೆ ಹಿಂದಕ್ಕೆ. ಎಂದಿನಿಂದ: ಈ ದಿನ ಮಂಗಳವಾರ ಸಂಜೆಯಿಂದ. ಯಾಕೆ: ನಮ್ಮ ಕಾಳಿಂಗಪ್ಪನವರು ನಾಳೆ ಬೆಳಗ್ಗೆ ಹತ್ತು ಗಂಟೆ ದಾಟುವುದಿಲ್ಲವೆಂದು ಮದ್ದು ಕೊಡುವ ಪಂಡಿತರು ಹೇಳಿದ್ದಾರೆ. ಅವರ ಹೆಂಡತಿಗೆ ಇನ್ನೂ ಹೆರಿಗೆಯಾಗಿಲ್ಲ. ಮಗುವಿನ ಸುದ್ದಿ ಕೇಳುವಷ್ಟಾದರೂ ಹೊತ್ತು ಸಿಗಲಿ, ಹತ್ತು ಗಂಟೆ ತಡವಾಗಿ ಬರಲಿ ಎಂದು ಹೀಗೆ ಮಾಡಿದ್ದೇವೆ. ಮತ್ತೆ ಸರಿಮಾಡುವುದನ್ನು ಆಮೇಲೆ ನೋಡೋಣ.’

ಕೆಳಗೆ ತಾರೀಖು, ಮೂರು ರುಜು. ಒಂದು ಮುನಿವೆಂಕಟನದು. ಕಾಳಿಂಗಪ್ಪ ಹೋದದ್ದು, ಈ ಹುಡುಗಿ ಹುಟ್ಟಿದ್ದು ಮರುದಿನ ಬುಧವಾರ.

ಕಾಳಿಂಗಪ್ಪ ಸರಿಯಾಗಿ ಹತ್ತು ಗಂಟೆಗೇ ಹೋಗಿದ್ದ, ಪಂಡಿತರ ಮಾತು ಸುಳ್ಳಾಗಿರಲಿಲ್ಲ. ಆದರೆ ಬೀದಿಯವರು ಆ ಹತ್ತು ಗಂಟೆಯನ್ನೇ ಅರ್ಧ ಗಂಟೆ ತಡೆದು ನಿಲ್ಲಿಸಿದ್ದರು. ಆ ಅರ್ಧ ಗಂಟೆಯೊಳಗೆ ಮಗು ಹುಟ್ಟಿತ್ತು, ಚೆನ್ನಾಜಮ್ಮ ಓಡಿ ಬಂದಿದ್ದರು, ಅವನು ನಕ್ಕಿದ್ದ, ಹೆಸರು ಹೇಳಿದ್ದ. ಅಷ್ಟು ಜನ ಸೇರಿ ಕೊಟ್ಟದ್ದನ್ನು ನಾನೊಬ್ಬ ನಡಿಗೆಗೂ ಬಿಸಿಲಿಗೂ ಹೆದರಿ ಕಿತ್ತುಕೊಂಡುಬಿಟ್ಟಿದ್ದೆ. ಪ್ರತಿ ವರ್ಷ ಆ ಕಲ್ಲು ದಾಟುವಾಗ ಇವರಿಗೇಕೆ ಈ ಹಾಳು ಅರ್ಧ ಗಂಟೆ ಎಂದು ಗೊಣಗಿಕೊಂಡಿದ್ದೇನೆ. ಹೊತ್ತಿನ ಲೆಕ್ಕ ಬಾಯಲ್ಲಿ ಹೇಳಬಾರದೆಂದು ಬೀದಿಯವರು ಯಾರಿಗೂ ಹೇಳಿರಲಿಲ್ಲ, ವರ್ಷ ಕಳೆದಂತೆ ಅವರಿಗೂ ಅದು ಮರೆತುಹೋಗಿತ್ತು. ಬಂಗಾರಿ ನನ್ನ ಭುಜದ ಮೇಲಿಂದ ಬಗ್ಗಿ ಓದಿ, “ಅಯ್ಯೋ ಶಿವನೇ, ಇದಕ್ಕಾ ನಾವು ಹಿಂದಿರೋದು?” ಎಂದ.

ಜಲಜಾಕ್ಷಿ ಅಳಲಿಲ್ಲ. ಸೆರಗಿನಲ್ಲಿ ಪುಸ್ತಕದ ರಟ್ಟನ್ನು ಒರೆಸುತ್ತಲೇ ಇದ್ದಳು, ರಟ್ಟಿನ ಮೇಲೆ ಹಿಟ್ಟಿಲ್ಲದಿದ್ದರೂ. ಕೊನೆಗೆ, “ಅವ್ವಂಗೆ ನೀವೇ ಹೇಳ್ಬೇಕು ಲಕ್ಕಣ್ಣೋರೆ. ನಾನು ಹೇಳಿದ್ರೆ ನಂಬಲ್ಲ. ನೀವು ಬರೆದಿದ್ದನ್ನ ಇಷ್ಟು ವರ್ಷ ನಂಬವ್ರೆ,” ಎಂದಳು.

ಅವತ್ತೇ ದಾಖಲೆ ಮನೆಗೆ ಹೋಗಿ ಕೆಂಪು ಮಸಿ ತೆಗೆದೆ. ಬಾಟಲಿಯ ಬಿರಡೆ ಗಟ್ಟಿಯಾಗಿ ಕೂತಿತ್ತು, ಬಿಸಿನೀರಿನಲ್ಲಿಟ್ಟು ತೆಗೆಯಬೇಕಾಯಿತು. ಕಾಳಿಂಗಪ್ಪನ ಸಾವಿನ ಪುಟದಲ್ಲಿ ಕಟ್ಟೆಯ ಹತ್ತು ಗಂಟೆಯನ್ನು ಹೊಡೆದು ಹತ್ತೂವರೆ ಎಂದು ಬರೆದೆ. ಮಗಳ ಹುಟ್ಟಿನ ಪುಟದಲ್ಲಿ ‘ಇರಲಿಲ್ಲ’ ಎಂಬುದನ್ನು ಹೊಡೆದು ‘ಇದ್ದರು’ ಎಂದು ಬರೆದೆ. ಅಂಚಿನಲ್ಲಿ, ತಪ್ಪು ಬರೆದವನು ಲಕ್ಕಣ್ಣ, ಕೇರಿಯ ಪುಸ್ತಕ ನೋಡಲಿಲ್ಲ ಎಂದು ಸೇರಿಸಿ ರುಜು ಹಾಕಿದೆ. ಆ ಅಕ್ಷರ ಸೊಟ್ಟಗಾಯಿತು. ಕಲ್ಲು ಕೆತ್ತುವವನಿಗೆ ಬರುವುದು ಬೇಡ ಎಂದು ಹೇಳಿ ಕಳಿಸಿದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಚೆನ್ನಾಜಮ್ಮನ ಎದುರು ನಕ್ಕ ನಗು ನೆನಪಾಗಿ ಆ ಬೇಜಾರು ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ದಫ್ತರವನ್ನೂ ಹೊತ್ತಿನ ಪುಸ್ತಕವನ್ನೂ ಎರಡು ಕಂಕುಳಲ್ಲಿ ಇರುಕಿಕೊಂಡು ಕುಂಬಾರ ಕೇರಿಗೆ ಹೋದೆ. ಅಲ್ಲಿ ಹತ್ತು ಗಂಟೆ. ಪುಟ್ಟತಾಯಮ್ಮ ಜಗಲಿಯಲ್ಲಿ ಕೂತು ಮದುವೆಯ ಮಡಕೆಗಳಿಗೆ ಕಾವಿ ಬಳಿಯುತ್ತಿದ್ದರು. ಕೈ ಮೊಣಕೈ ತನಕ ಕೆಂಪಾಗಿತ್ತು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಓದಲು ಬರುತ್ತಿದ್ದರೂ ಅವರು ಪುಸ್ತಕ ಮುಟ್ಟಲಿಲ್ಲ, ಕೈ ಕೆಂಪಾಗಿದೆಯೆಂದು. ನಾನೇ ಬರಹವನ್ನು ಎರಡು ಸಲ ಓದಿದೆ.

“ಹಂಗಾದ್ರೆ ಅತ್ತಿಗೆ ಹೇಳಿದ್ದು...” ಎಂದು ನಿಲ್ಲಿಸಿದರು.

“ನಿಜ ಕಣಮ್ಮ. ಸುಳ್ಳು ಬರೆದವನು ನಾನು.”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅರ್ಧ ಬಳಿದ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡರು. “ನಗ್ತಾ ಹೋದ್ರಾ?” ಎಂದು ಕೇಳಿದರು. “ಅದನ್ನ ಚೆನ್ನಾಜಮ್ಮನೋರನ್ನೇ ಕೇಳ್ಬೇಕು,” ಎಂದೆ. ಪುಟ್ಟತಾಯಮ್ಮ ಆಗ ಬಿಕ್ಕಿ ಬಿಕ್ಕಿ ಅತ್ತರು. “ಮೈದುಂಬಿದ ಹೆಂಗಸು, ಆವತ್ತು ಕಾಲಿಗೆ ಚಪ್ಪಲೀನೂ ಮೆಟ್ಟದೆ ಓಡಿದ್ರು. ನಾನು ಏನಂದುಬಿಟ್ಟೆ. ಇಷ್ಟು ವರ್ಷ ಸಂತೇಲಿ ಎದುರಾದ್ರೆ ಮುಖ ತಿರುವ್ಕೊಂಡು ಹೋದ್ನಲ್ಲೋ,” ಎಂದು ಕೆಂಪು ಕೈಯಿಂದಲೇ ಕಣ್ಣೊರೆಸಿಕೊಂಡರು. ಜಲಜಾಕ್ಷಿ ತಾಯಿಯ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗಿನಿಂದ ಲಗ್ನಪತ್ರಿಕೆ ತಂದಳು. ತಾಯಿ ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿಕೊಂಡರು. ಜಗಲಿ ಇಳಿಯುವಾಗ ಚಪ್ಪಲಿ ಮೆಟ್ಟಲು ಹೋಗಿ, ಯಾಕೋ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಟರು.

ಗಾಣದ ಬೀದಿಯ ಕಲ್ಲು ದಾಟುವಾಗ ನಾನು ಕೈಗಡಿಯಾರ ನೋಡಿಕೊಂಡೆ. ಹತ್ತೂ ಮೂವತ್ತೈದು ಇದ್ದ ಮುಳ್ಳು ಹಿಂದಕ್ಕೆ ತಿರುಗಿ ಒಂಬತ್ತೂ ಮುಕ್ಕಾಲಿಗೆ ಬಂದು ನಿಂತಿತು. ಈ ಸಲ ಗೊಣಗಲಿಲ್ಲ. ಬಂಗಾರಿ ರಾತ್ರಿಯೊಳಗೆ ಸುದ್ದಿಯನ್ನು ಬೀದಿಗೆಲ್ಲ ಹಂಚಿದ್ದನೆಂದು ಕಾಣುತ್ತದೆ, ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ಜಯಶೀಲ ಚೆನ್ನಾಜಮ್ಮನ ಮನೆಯ ಕಡೆ ಕೈ ತೋರಿಸಿದಳು, ನಮಗೆ ಗೊತ್ತಿದ್ದರೂ.

ಚೆನ್ನಾಜಮ್ಮ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೈ ಇಳಿದುಹೋಗಿತ್ತು, ದನಿ ಮಾತ್ರ ಅದೇ. ನಮ್ಮನ್ನು ನೋಡಿ ಕೈ ನಿಂತಿತು. ಪುಟ್ಟತಾಯಮ್ಮ ತಟ್ಟೆ ಹಿಡಿದು ಹೊಸ್ತಿಲ ಈಚೆಗೇ ನಿಂತುಬಿಟ್ಟರು. ನಾನು ದಾರಿಯುದ್ದಕ್ಕೂ ಉರುಹೊಡೆದಿದ್ದ ಕ್ಷಮೆಯ ಮಾತು ಮರೆತುಹೋಯಿತು. ಹುಡುಗಿಯೇ ಮುಂದೆ ಹೋಗಿ, ಬಗ್ಗಿ ಕಾಲು ಮುಟ್ಟಿದಳು.

“ಅತ್ತೆ, ನಾನು ಸಂಪಿಗೆ. ಮದುವೆಗೆ ಕರಿಯೋಕೆ ಬಂದೆ,” ಎಂದಳು. “ತಡ ಮಾಡಿಬಿಟ್ವಿ ಅತ್ತೆ.”

ಚೆನ್ನಾಜಮ್ಮ ಅವಳ ಕೆನ್ನೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಆಮೇಲೆ ನಾದಿನಿಯ ಬರಿಗಾಲನ್ನು ನೋಡಿದರು, ನನ್ನ ಕಂಕುಳಿನ ಪುಸ್ತಕವನ್ನು ನೋಡಿದರು, ಕೊನೆಗೆ ತಿರುಗಿ ಒಳಗೋಡೆಯ ಗಡಿಯಾರ ನೋಡಿದರು.

“ತಡ ಏನಿಲ್ಲ, ಒಳಕ್ಕೆ ಬನ್ನಿ ಪುಟ್ಟತಾಯಿ,” ಎಂದರು. “ನಮ್ಮ ಬೀದೀಲಿ ಇನ್ನೂ ಹತ್ತಾಗಿಲ್ಲ.”